ಗಾಲ್ಫ್ ಆಟದ ನಿಯಮಗಳೂ ವಿನೋದಕೂಟಗಳ ಆಚಾರವೂ

೧

ಲಕ್ಷಣವು ಮೊದಲೋ ಲಕ್ಷ್ಯವು ಮೊದಲೋ ಎಂಬ ಪ್ರಶ್ನೆಯು ವ್ಯಾಕರಣಶಾಸ್ತ್ರವೊಂದಕ್ಕೇ ಸೇರಿದುದಲ್ಲ. ಬರೆದಿಟ್ಟ ನಿಯಮವೂ ಬಳಕೆಯಲ್ಲಿರುವ ಆಚಾರವೂ ಜೊತೆಯಾಗಿ ನಡೆದುಬಂದಿರುವ ಎಡೆಗಳಲ್ಲೆಲ್ಲ ಅದು ತಲೆದೋರುವುದು. ಆಟಗಳ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಸ್ಕಾಟ್ಲೆಂಡ್ ದೇಶದಲ್ಲಿ ಬೆಳೆದು ಪ್ರಪಂಚದಲ್ಲೆಲ್ಲ ಹರಡಿರುವ ಗಾಲ್ಫ್ ಆಟವು ತಕ್ಕ ಉದಾಹರಣೆಯಾಗಿದೆ.

ಈ ಆಟದ ಸ್ವರೂಪವು ಸರಳವಾದುದು. ಆಟಗಾರನು ಒಂದು ಗೊತ್ತಾದ ಸ್ಥಳದಿಂದ ಚಿಕ್ಕ ಚೆಂಡನ್ನು ದಾಂಡಿನಿಂದ ಹೊಡೆದು, ದೂರದಲ್ಲಿರುವ ಕುಳಿಯೊಳಗೆ ಆದಷ್ಟು ಕಡಮೆ ಹೊಡೆತಗಳಲ್ಲಿ ಬೀಳಿಸಬೇಕು. ಈಗ ಪೂರ್ಣವಾದ ಒಂದು ಆಟಕ್ಕೆ ಹದಿನೆಂಟು ಕುಳಿಗಳು. ಗೆಲವನ್ನು ಎರಡು ರೀತಿಯಾಗಿ ನಿರ್ಣಯಿಸುವುದುಂಟು. ಪ್ರತಿಯೊಂದು ಕುಳಿಯನ್ನೂ ಯಾರು ಗೆದ್ದರೆಂದು ನೋಡಿ, ಹೆಚ್ಚು ಕುಳಿಗಳನ್ನು ಗೆದ್ದವನಿಗೆ ಜಯವನ್ನು ಕೊಡುವುದು ಒಂದು. ಇದನ್ನು ಕುಳಿಪಂದ್ಯವೆಂದು ಕರೆಯಬಹುದು. ಎಲ್ಲ ಕುಳಿಗಳ ಹೊಡೆತಗಳನ್ನೂ ಕೂಡಿಸಿ, ಕಡಮೆ ಮೊತ್ತವುಳ್ಳವನಿಗೆ ಜಯವನ್ನು ಕೊಡುವುದು ಮತ್ತೊಂದು; ಇದು ಎಣಿಕೆಪಂದ್ಯ. ಎರಡರಲ್ಲಿಯೂ ಸಾಮಾನ್ಯವಾಗಿ ತೀರ್ಪುಗಾರನು ಆಟಗಾರನ ಹಿಂದೆ ಹಿಂದೆ ನಡೆಯುವುದಿಲ್ಲ. ವಿಸ್ತಾರವಾದ ಬಯಲಿನಲ್ಲಿ, ಪೊದೆ ಮರಳುಗಳ ಮರೆಯಲ್ಲಿ, ಚೆಂಡು ಎಲ್ಲಿ ನಿಂತಿತು, ದಾಂಡು ತಗಲಿ ಅದು ಅಲುಗಿತೋ ಇಲ್ಲವೋ ಎಂಬುದನ್ನು ಅನೇಕವೇಳೆ ಆಡುವವನೊಬ್ಬನೇ ಬಲ್ಲನು. ಆದಕಾರಣ ತಪ್ಪಿಗೆ ತಕ್ಕ ದಂಡವನ್ನು ಆಟಗಾರನು ತಾನೇ ವಿಧಿಸಿಕೊಳ್ಳಬೇಕೆಂಬ ವಿಧಿಯು ಈ ಆಟಕ್ಕೆ ವಿಶೇಷವಾದ ಕೀರ್ತಿಯನ್ನು ತಂದಿದೆ.

ಹೀಗಿದ್ದರೂ, ಬಿಡುವಿನ ದಿನದಲ್ಲಿ ನಾಲ್ವರು ಸ್ನೇಹಿತರು ಕೂಡಿ ಆಡುವ ಆಟವನ್ನು ನೋಡಿದವರಿಗೆ ಬೇರೊಂದು ಚಿತ್ರವು ಕಾಣಬರುವುದು. ಮೊದಲನೆಯ ಹೊಡೆತವು ಕೆಟ್ಟರೆ ಎರಡನೆಯದನ್ನು ಲೆಕ್ಕವಿಲ್ಲದೆ ಹೊಡೆಯುವರು; ಇದಕ್ಕೆ ‘ಮಲ್ಲಿಗನ್’ ಎಂದು ಹೆಸರು. ಕುಳಿಗೆ ಒಂದೆರಡು ಅಡಿಗಳ ದೂರದಲ್ಲಿರುವ ಚೆಂಡನ್ನು ಬಿದ್ದಿತೆಂದೇ ಎಣಿಸಿ ಎತ್ತಿಕೊಳ್ಳುವರು. ಗುಂಡಿಯಲ್ಲಿ ಕುಳಿತ ಚೆಂಡನ್ನು ಹುಲ್ಲಿನ ಮೇಲಕ್ಕೆ ಸರಿಸಿಕೊಳ್ಳುವರು. ಕಳೆದುಹೋದ ಚೆಂಡಿಗೆ ಬದಲಾಗಿ, ಅದು ಕಳೆದಿರಬಹುದಾದ ಎಡೆಯಲ್ಲಿಯೇ ಮತ್ತೊಂದನ್ನು ಹಾಕಿಕೊಂಡು ಮುಂದುವರಿಯುವರು. ಇವುಗಳನ್ನು ಕಂಡು, ಪೂರ್ವಕಾಲದ ಕಟ್ಟುನಿಟ್ಟು ಸಡಿಲಿತೆಂದು ವ್ಯಸನಪಡುವವರುಂಟು. ಆಟವು ವಿನೋದಕ್ಕಾಗಿಯೇ ಹೊರತು ದಂಡನೆಗಲ್ಲವೆಂದು ಸಮರ್ಥಿಸುವವರೂ ಉಂಟು. ನಿಯಮಾವಳಿಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ಎರಡು ಅಭಿಪ್ರಾಯಗಳೂ ಪೂರ್ಣವಲ್ಲವೆಂದು ತಿಳಿಯಬರುವುದು. ಬಹಿರಂಗವಾಗಿ ಒಪ್ಪಿ ಕೊಟ್ಟ ರಿಯಾಯಿತಿ, ಗುಟ್ಟಾಗಿ ತೆಗೆದುಕೊಂಡ ರಿಯಾಯಿತಿ ಎಂಬ ಭೇದವೇ ಈ ಚರಿತ್ರೆಯುದ್ದಕ್ಕೂ ಮುಖ್ಯವಾದುದಾಗಿ ತೋರುವುದು.

೨

ಗಾಲ್ಫಿನ ಹೆಸರು ಸ್ಕಾಟ್ಲೆಂಡಿನ ಶಾಸನಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು ನಿಷೇಧದ ರೂಪದಲ್ಲಿ. ೧೪೫೭ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಪಾರ್ಲಿಮೆಂಟು ಕಾಲ್ಚೆಂಡಾಟವನ್ನೂ ಗಾಲ್ಫನ್ನೂ ನಿಲ್ಲಿಸಿ, ಜನರು ಬಿಲ್ಲುವಿದ್ಯೆಯನ್ನು ಅಭ್ಯಾಸಮಾಡಬೇಕೆಂದು ವಿಧಿಸಿತು. ೧೪೭೧ರಲ್ಲಿಯೂ ೧೪೯೧ರಲ್ಲಿಯೂ ಈ ನಿಷೇಧವನ್ನು ಮತ್ತೆ ಹೊರಡಿಸಬೇಕಾಯಿತು. ಇದರಿಂದ ಆಟವು ಆಗಲೇ ಜನಪ್ರಿಯವಾಗಿದ್ದಿತೆಂಬುದೂ ರಾಜಾಜ್ಞೆಗೆ ಸುಲಭವಾಗಿ ಅಡಗಲಿಲ್ಲವೆಂಬುದೂ ಸ್ಪಷ್ಟವಾಗುವುದು. ಆದರೆ ಈಗ ಉಪಲಬ್ಧವಾಗಿರುವ ನಿಯಮಾವಳಿಗಳಲ್ಲಿ ಅತ್ಯಂತ ಪ್ರಾಚೀನವಾದುದು ೧೭೪೪ನೆಯ ವರ್ಷದ್ದು. ಎಂದರೆ ಮೊದಲ ನಿಷೇಧಕ್ಕೂ ಈ ಮೊದಲ ನಿಯಮಾವಳಿಗೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ.

೧೭೪೪ರಲ್ಲಿ ನಿಯಮಗಳು ಬೇಕಾದುದಕ್ಕೆ ಕಾರಣವು ವಿಚಾರಾರ್ಹವಾಗಿದೆ. ಎಡಿನ್‌ಬರೋ ನಗರಸಭೆಯು ಆ ವರ್ಷ ಬೆಳ್ಳಿಯ ದಾಂಡೊಂದನ್ನು ಬಹುಮಾನವಾಗಿ ಕೊಟ್ಟು, ಲೀತ್ ಎಂಬಲ್ಲಿನ ಐದು ಕುಳಿಗಳ ಬಯಲಿನಲ್ಲಿ ಪಂದ್ಯವನ್ನು ಏರ್ಪಡಿಸಿತು. ಬ್ರಿಟನ್ ಮತ್ತು ಐರ್ಲೆಂಡುಗಳ ಯಾವ ಭಾಗದಿಂದ ಬಂದವರಿಗೂ ಅದರಲ್ಲಿ ಪ್ರವೇಶವಿದ್ದಿತು. ನಿತ್ಯವೂ ಕೂಡಿ ಆಡುವವರಲ್ಲಿ ಬಾಯಿಮಾತಿನ ಒಡಂಬಡಿಕೆಯು ಸಾಕು. ಅಪರಿಚಿತನು ಬಂದು ನಿಂತಾಗ ಅದು ಸಾಲದು. ಆ ಊರಿನ ಆಟಗಾರರ ಮಂಡಲಿಯು ಹದಿಮೂರು ನಿಯಮಗಳನ್ನು ಬರೆಯಿಸಿದುದು ಈ ಸಂದರ್ಭದಲ್ಲಿಯೇ. ಜಾನ್ ರಾಟ್ರೆ ಎಂಬ ಶಸ್ತ್ರವೈದ್ಯನು ಆ ಪಂದ್ಯವನ್ನು ಗೆದ್ದನು. ೧೭೫೪ರಲ್ಲಿ ಸೇಂಟ್ ಆಂಡ್ರೂಸಿನ ಆಟಗಾರರು ತಮ್ಮ ಮಂಡಲಿಯನ್ನು ಸ್ಥಾಪಿಸಿದಾಗ ಹೆಚ್ಚುಕಡಮೆ ಇವೇ ನಿಯಮಗಳನ್ನು ಅಂಗೀಕರಿಸಿದರು.

ಆ ಹದಿಮೂರು ನಿಯಮಗಳ ಒಳಗನ್ನು ನೋಡಿದರೆ ಎರಡು ಸಂಗತಿಗಳು ಗಮನಕ್ಕೆ ಬರುವುವು. ಮೊದಲನೆಯದು, ಅವುಗಳಲ್ಲಿ ದಂಡವನ್ನು ಹೇಳಿರುವ ರೀತಿ. ಚೆಂಡು ನೀರಿನಲ್ಲಿಯೋ ಕೆಸರಿನಲ್ಲಿಯೋ ಬಿದ್ದರೆ ಅದನ್ನು ತೆಗೆದು ಹಿಂದಕ್ಕೆ ತಂದು ಆಡಬಹುದು, ಆದರೆ ಎದುರಾಳಿಗೆ ಒಂದು ಹೊಡೆತವನ್ನು ಬಿಟ್ಟುಕೊಡಬೇಕು. ಚೆಂಡು ಕಳೆದುಹೋದರೆ, ಹಿಂದಿನ ಹೊಡೆತವನ್ನು ಹೊಡೆದ ಸ್ಥಳಕ್ಕೆ ಮರಳಿ ಮತ್ತೊಂದನ್ನು ಹಾಕಿ, ಹಾಗೆಯೇ ಎದುರಾಳಿಗೆ ಒಂದು ಹೊಡೆತವನ್ನು ಕೊಡಬೇಕು. ಇಲ್ಲಿ ದಂಡವು ಯಾವ ಸಭೆಗೂ ಸಲ್ಲುವುದಿಲ್ಲ, ಎದುರಿಗೆ ನಿಂತವನಿಗೇ ಸಲ್ಲುವುದು. ಉಳಿದ ನಿಯಮಗಳನ್ನು ಮೀರಿದವನಿಗೆ ಏನು ಶಿಕ್ಷೆಯೆಂಬುದನ್ನು ಆ ಪತ್ರದಲ್ಲಿ ಹೇಳಿಯೇ ಇಲ್ಲ. ಎರಡನೆಯದು, ಚೆಂಡನ್ನು ಕುಳಿಗೆ ಹೊಡೆಯುವಾಗ ಪ್ರಾಮಾಣಿಕವಾಗಿ ಕುಳಿಯ ಕಡೆಗೇ ಹೊಡೆಯಬೇಕು, ದಾರಿಗೆ ಅಡ್ಡವಾಗಿರದ ಎದುರಾಳಿಯ ಚೆಂಡಿನ ಮೇಲೆ ಹೊಡೆಯಬಾರದು ಎಂಬ ವಿಧಿ. ಪ್ರಾಮಾಣಿಕತೆಯ ಮಾತು ಹದಿಮೂರರೊಳಗೆ ನೇರವಾಗಿ ಬಂದಿರುವುದರಿಂದ, ಅದಕ್ಕೆ ವಿರೋಧವಾದ ಆಟವೂ ಆಗ ಇದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. ಅಂತು ಈ ಮೊದಲ ನಿಯಮಾವಳಿಯು ಇಬ್ಬರ ನಡುವಣ ಒಡಂಬಡಿಕೆಯನ್ನು ಬರಹಕ್ಕೆ ಇಳಿಸಿದುದಾಗಿದೆ. ನಮ್ಮ ಧರ್ಮಶಾಸ್ತ್ರಕಾರರು ರಾಜಶಾಸನದಿಂದ ಬೇರೆಯಾಗಿ ‘ಸಮಯ’ವೆಂದು ಕರೆದು, ಒಂದು ಕೂಟದವರು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಯೆಂದು ವಿವರಿಸಿರುವುದಕ್ಕೆ ಇದು ಸಮೀಪವಾಗಿದೆ.

೩

೧೭೫೯ರಲ್ಲಿ ಸೇಂಟ್ ಆಂಡ್ರೂಸಿನ ಮಂಡಲಿಯು ತನ್ನ ಬೆಳ್ಳಿಯ ದಾಂಡಿನ ಪಂದ್ಯದಲ್ಲಿ ಅತ್ಯಂತ ಕಡಮೆ ಹೊಡೆತಗಳಲ್ಲಿ ಆಟವನ್ನು ಮುಗಿಸಿದವನಿಗೆ ಗೆಲವನ್ನು ಕೊಡಬೇಕೆಂದು ಗೊತ್ತುಮಾಡಿತು. ಎಣಿಕೆಪಂದ್ಯದ ಉಲ್ಲೇಖವು ದೊರೆಯುವುದು ಇಲ್ಲಿಂದ. ಈ ಬದಲಾವಣೆಯು ಕೇವಲ ಲೆಕ್ಕದ್ದಲ್ಲ. ಕುಳಿಪಂದ್ಯದಲ್ಲಿ ನಷ್ಟವಾದರೂ ಲಾಭವಾದರೂ ಎದುರಿಗಿರುವ ಒಬ್ಬನಿಗೆ. ಅವನು ಮನಸ್ಸು ಬಂದರೆ ತನ್ನ ಹಕ್ಕನ್ನು ಬಿಡಬಹುದು. ಎಣಿಕೆಪಂದ್ಯದಲ್ಲಾದರೋ ಅಂದು ಆ ಬಯಲಿನಲ್ಲಿ ಆಡುವ ಎಲ್ಲರೂ ಪ್ರತಿಪಕ್ಷಿಗಳು. ಜೊತೆಯಲ್ಲಿ ನಡೆಯುವವನು ಅವರೆಲ್ಲರ ಪರವಾಗಿ ಕ್ಷಮಿಸುವ ಅಧಿಕಾರವುಳ್ಳವನಲ್ಲ.

ಸಮೀಪದ ಚೆಂಡನ್ನು ‘ಕೊಟ್ಟೆನು’ ಎಂದು ಹೇಳಿ ಎತ್ತಿಸುವ ಪದ್ಧತಿಯ ವಿಷಯದಲ್ಲಿ ಈಗಲೂ ಇರುವ ವ್ಯವಸ್ಥೆಯು ಇದರಿಂದಲೇ ಅರ್ಥವಾಗುವುದು. ಕುಳಿಪಂದ್ಯದಲ್ಲಿ ಅದು ಧರ್ಮಸಮ್ಮತ. ೧೯೬೯ರಲ್ಲಿ ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲಿನಲ್ಲಿ ನಡೆದ ರೈಡರ್ ಕಪ್ ಪಂದ್ಯದ ಕೊನೆಯ ಕುಳಿಯಲ್ಲಿ ಅಮೆರಿಕದ ಜ್ಯಾಕ್ ನಿಕ್ಲಾಸನು ಬ್ರಿಟನ್ನಿನ ಟೋನಿ ಜ್ಯಾಕ್ಲಿನನ ಚಿಕ್ಕ ಹೊಡೆತವೊಂದನ್ನು ಬಿಟ್ಟುಕೊಟ್ಟನು. ಎರಡು ಪಂಗಡಗಳೂ ಹದಿನಾರು ಹದಿನಾರು ಅಂಕಗಳಿಂದ ಸಮವಾದುವು. ಅದನ್ನು ಯಾರೂ ನಿಯಮಭಂಗವೆನ್ನಲಿಲ್ಲ, ಔದಾರ್ಯವೆಂದು ಕೊಂಡಾಡಿದರು. ಎಣಿಕೆಪಂದ್ಯದಲ್ಲಿ ಹೀಗೆ ಚೆಂಡನ್ನು ಎತ್ತಿಕೊಂಡವನ ಲೆಕ್ಕವು ಮುಗಿಯದೆಯೇ ಉಳಿಯುವುದು. ಅಲ್ಲಿ ಬರಹದ ಬಿಗಿಯು ಎಷ್ಟೆಂಬುದಕ್ಕೆ ೧೯೬೮ರ ಮಾಸ್ಟರ್ಸ್ ಪಂದ್ಯವು ಸಾಕ್ಷಿಯಾಗಿದೆ. ಅರ್ಜೆಂಟೀನದ ರೊಬರ್ತೊ ದೆ ವಿಸೆನ್ಸೊ ಎಂಬಾತನು ಕೊನೆಯ ದಿನ ಹದಿನೇಳನೆಯ ಕುಳಿಯನ್ನು ಮೂರು ಹೊಡೆತಗಳಲ್ಲಿ ಮುಗಿಸಿದ್ದರೂ, ಜೊತೆಗಾರನು ಅಂಕಪತ್ರದಲ್ಲಿ ನಾಲ್ಕೆಂದು ಬರೆದನು. ದೆ ವಿಸೆನ್ಸೊ ಅದನ್ನು ನೋಡದೆ ರುಜು ಹಾಕಿದನು. ರುಜುವಾದ ಮೇಲೆ ಹೆಚ್ಚಿನ ಅಂಕವೇ ನಿಲ್ಲಬೇಕೆಂಬುದು ನಿಯಮವಾದುದರಿಂದ, ಬಾಬ್ ಗೋಲ್ಬಿಯೊಡನೆ ಸಮನಾಗಬೇಕಾಗಿದ್ದವನು ಒಂದು ಹೊಡೆತದಿಂದ ಸೋತನು.

ವಿನೋದಕೂಟದವರು ಮಾಡುವ ಗೊಂದಲವು ಬಹುಮಟ್ಟಿಗೆ ಈ ಎರಡು ಪ್ರಕಾರಗಳ ಬೆರಕೆಯಿಂದ ಹುಟ್ಟಿರುವುದೆಂದು ಹೇಳಬಹುದು. ಅವರು ಸ್ನೇಹಿತನೊಬ್ಬನೊಡನೆ ಕುಳಿಪಂದ್ಯದ ಧೋರಣೆಯಲ್ಲಿ ಆಡುವರು. ಚಿಕ್ಕ ಹೊಡೆತಗಳನ್ನು ಉದಾರವಾಗಿ ಬಿಟ್ಟುಕೊಡುವರು. ಆಟವು ಮುಗಿದ ಮೇಲೆ ಮಾತ್ರ ಹೊಡೆತಗಳ ಮೊತ್ತವನ್ನು ಕೂಡಿಸಿ, ಎಣಿಕೆಪಂದ್ಯದಲ್ಲಿ ಸಂಪಾದಿಸಿದ ಅಂಕದಂತೆ ಅದನ್ನು ಹೇಳಿಕೊಳ್ಳುವರು.

೪

ಕಟ್ಟುನಿಟ್ಟಾದ ಏಕರೂಪದ ನಿಯಮಾವಳಿಯು ಪ್ರಾಚೀನವೆಂಬ ನಂಬಿಕೆಯೂ ಪರಿಶೀಲನೆಗೆ ನಿಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಆಯಾ ಕ್ಲಬ್ಬುಗಳು ತಮ್ಮ ತಮ್ಮ ನಿಯಮಗಳನ್ನು ಇಟ್ಟುಕೊಂಡಿದ್ದುವು. ೧೮೩೪ರಲ್ಲಿ ‘ರಾಯಲ್ ಅಂಡ್ ಏನ್ಷಂಟ್’ ಎಂಬ ಬಿರುದನ್ನು ಪಡೆದ ಸೇಂಟ್ ಆಂಡ್ರೂಸಿನ ಕ್ಲಬ್ಬು ನಿಯಮಗಳಿಗಾಗಿಯೇ ಒಂದು ಸಮಿತಿಯನ್ನು ನೇಮಿಸಿದುದು ೧೮೯೭ರಲ್ಲಿ. ಕ್ರೋಡೀಕರಿಸಿದ ನಿಯಮಾವಳಿಯು ಹೊರಬಂದುದು ೧೮೯೯ರಲ್ಲಿ. ಅಮೆರಿಕದ ಗಾಲ್ಫ್ ಸಂಘವು ೧೮೯೪ರಲ್ಲಿ ಹುಟ್ಟಿತು. ಇವೆರಡೂ ಕೂಡಿ ಒಂದೇ ನಿಯಮಾವಳಿಯನ್ನು ಜಾರಿಗೆ ತಂದುದು ೧೯೫೨ರಲ್ಲಿ. ಆಟವು ಇಂಡಿಯಾ ದೇಶಕ್ಕೆ ಇವೆಲ್ಲಕ್ಕೂ ಮೊದಲೇ ಬಂದಿದ್ದಿತು: ಕಲ್ಕತ್ತೆಯ ಕ್ಲಬ್ಬು ೧೮೨೯ರದು, ಬೆಂಗಳೂರಿನದು ೧೮೭೬ರದು.

ನೆಲವು ಬದಲಾದಂತೆ ಆಚಾರವು ಬದಲಾದುದಕ್ಕೆ ಈ ದೇಶದಲ್ಲಿಯೇ ನಿದರ್ಶನವುಂಟು. ಸ್ಕಾಟ್ಲೆಂಡಿನಲ್ಲಿ ಕುಳಿಯ ಸುತ್ತಲೂ ನುಣುಪಾದ ಹಸಿರುಹಾಸಿರುವುದು. ಅಲ್ಲಿ ಚೆಂಡು ಹೋಗಬೇಕಾದ ದಾರಿಯನ್ನು ದಾಂಡಿನಿಂದಲಾಗಲಿ ಮತ್ತಾವುದರಿಂದಲಾಗಲಿ ಗುರುತುಮಾಡಬಾರದೆಂದು ೧೭೪೪ರ ನಿಯಮವೇ ಹೇಳುವುದು. ಒಣನೆಲದ ಇಂಡಿಯಾದ ಅನೇಕ ಬಯಲುಗಳಲ್ಲಿ ಹುಲ್ಲಿಗೆ ಬದಲಾಗಿ ಮರಳನ್ನು ಹಾಸಿ, ಅದನ್ನು ‘ಬ್ರೌನ್’ ಎಂದು ಕರೆದರು. ಹೆಜ್ಜೆಗುರುತುಗಳು ಉಳಿಯುವ ಆ ಮರಳನ್ನು ಹೊಡೆತಕ್ಕೆ ಮುಂಚೆ ಸಮಮಾಡಿಕೊಳ್ಳುವುದು ರೂಢಿಯಾಯಿತು. ಅಕ್ಷರಕ್ಕೆ ಅಂಟಿಕೊಂಡವರಿಗೆ ಇದು ದೋಷವಾಗಿ ಕಂಡೀತು; ಆದರೆ ಎಲ್ಲರಿಗೂ ತಿಳಿದು ಎಲ್ಲರಿಗೂ ಸಮವಾಗಿ ಸಲ್ಲುವ ಸ್ಥಳನಿಯಮದಲ್ಲಿ ವಂಚನೆಗೆ ಎಡೆಯಿಲ್ಲ.

ಇದಕ್ಕಿಂತಲೂ ವಿಲಕ್ಷಣವಾದ ಉದಾಹರಣೆಯು ಎರಡನೆಯ ಮಹಾಯುದ್ಧದ ಕಾಲದ್ದು. ೧೯೪೦ರಲ್ಲಿ ಇಂಗ್ಲೆಂಡಿನ ರಿಚ್ಮಂಡ್ ಗಾಲ್ಫ್ ಕ್ಲಬ್ಬು ಜರ್ಮನ್ ವಿಮಾನದಾಳಿಯ ನಡುವೆ ತಾತ್ಕಾಲಿಕ ನಿಯಮಗಳನ್ನು ಪ್ರಕಟಿಸಿತು. ಬಾಂಬುಗಳು ಬೀಳುತ್ತಿರುವಾಗ ಪಂದ್ಯದವರು ಆಟವನ್ನು ನಿಲ್ಲಿಸಿ ಮರೆಹೊಗಬಹುದು, ಅದಕ್ಕೆ ದಂಡವಿಲ್ಲ. ಶತ್ರುವಿನ ಕಾರ್ಯದಿಂದ ಚೆಂಡು ಕದಲಿದರೆ ಅದನ್ನು ಮತ್ತೆ ಸ್ವಸ್ಥಾನದಲ್ಲಿಡಬಹುದು. ಹೊಡೆಯುವ ಕ್ಷಣದಲ್ಲಿಯೇ ಬಾಂಬು ಸಿಡಿದು ಹೊಡೆತವು ಕೆಟ್ಟರೆ ಅದೇ ಸ್ಥಳದಿಂದ ಮತ್ತೊಂದು ಚೆಂಡನ್ನು ಆಡಬಹುದು, ಆದರೆ ಒಂದು ಹೊಡೆತದ ದಂಡವುಂಟು. ಕೊನೆಯ ಮಾತನ್ನು ಓದಿ ನಗುವವರು ಅದರಲ್ಲಿರುವ ಸೂಕ್ಷ್ಮವನ್ನೂ ಕಾಣಬೇಕು. ಪ್ರಾಣಭಯದ ಕಾಲದಲ್ಲಿಯೂ ಆ ಕ್ಲಬ್ಬಿನವರು ರಿಯಾಯಿತಿಯನ್ನು ಬರೆದು ಪ್ರಕಟಿಸಿದರು, ಅದರ ಬೆಲೆಯನ್ನೂ ಗೊತ್ತುಮಾಡಿದರು. ಮಲ್ಲಿಗನ್ ಎಂಬ ಎರಡನೆಯ ಹೊಡೆತಕ್ಕೂ ಇದಕ್ಕೂ ಇರುವ ಅಂತರವು ಅಷ್ಟೆ.

ಆಚಾರವು ಶಾಸ್ತ್ರವನ್ನು ಮುಂದಾಗಿ ನಡೆದುದಕ್ಕೆ ‘ಸ್ಟೈಮಿ’ಯ ಕಥೆಯನ್ನು ಹೇಳಬಹುದು. ಕುಳಿಯ ಬಳಿ ಎದುರಾಳಿಯ ಚೆಂಡು ದಾರಿಗೆ ಅಡ್ಡವಾಗಿ ನಿಂತರೂ, ಎರಡು ಚೆಂಡುಗಳ ನಡುವೆ ಆರು ಅಂಗುಲಕ್ಕಿಂತ ಹೆಚ್ಚು ದೂರವಿದ್ದರೆ ಅದನ್ನು ಎತ್ತಿಸುವಂತಿರಲಿಲ್ಲ. ಈ ಅಳತೆಗೆಂದು ಅಂಕಪತ್ರವನ್ನೇ ಆರು ಅಂಗುಲದ್ದಾಗಿ ಅಚ್ಚುಮಾಡಿಸುವುದುಂಟಾಗಿತ್ತು. ಅದೃಷ್ಟವೂ ಆಟದ ಅಂಗವೆಂದು ಹಿರಿಯರು ಇದನ್ನು ಕಾಪಾಡಿಕೊಂಡು ಬಂದರು. ಸ್ನೇಹಿತರು ತಮ್ಮೊಳಗೆ ಆಡುವಾಗ ಪರಸ್ಪರ ಒಪ್ಪಿ ಇದನ್ನು ಬಿಟ್ಟುಬಿಡುವುದೂ ಉಂಟಾಗಿತ್ತು. ೧೯೫೨ರ ಸಂಯುಕ್ತ ನಿಯಮಾವಳಿಯಲ್ಲಿ ಸ್ಟೈಮಿಗೆ ಸ್ಥಾನವು ದೊರೆಯಲಿಲ್ಲ.

೫

ಶಾಸ್ತ್ರಕ್ಕೂ ಆಚಾರಕ್ಕೂ ಅತ್ಯಂತ ದೀರ್ಘವಾದ ವ್ಯಾಜ್ಯವು ನಡೆದಿರುವುದು ಕಳೆದುಹೋದ ಚೆಂಡಿನ ವಿಷಯದಲ್ಲಿ. ಹಿಂದಿನ ಸ್ಥಳಕ್ಕೆ ಮರಳಿ ದಂಡಸಹಿತವಾಗಿ ಮತ್ತೆ ಹೊಡೆಯಬೇಕೆಂಬ ೧೭೪೪ರ ವಿಧಿಯು, ನಡುವಣ ಕಾಲದ ವ್ಯತ್ಯಾಸಗಳನ್ನು ಬಿಟ್ಟರೆ, ಈಗಲೂ ಮೂಲನಿಯಮವಾಗಿದೆ. ಲೀತಿನ ಬಯಲಿನಲ್ಲಿ ಕೆಲವರೇ ಆಡುತ್ತಿದ್ದಾಗ ಮರಳಿ ನಡೆಯುವುದರಿಂದ ಯಾರಿಗೂ ತೊಡಕಿರಲಿಲ್ಲ. ಒಂದು ತಂಡದ ಹಿಂದೆ ಮತ್ತೊಂದು ತಂಡವು ಕಾದುನಿಂತಿರುವ ಈಗಿನ ಬಯಲಿನಲ್ಲಾದರೋ, ಇನ್ನೂರು ಗಜ ಮುಂದಕ್ಕೆ ಹೋಗಿ ಹುಡುಕಿ, ಕಾಣದೆ ಹಿಂದಿರುಗಿ ಬರುವವನು ನಿಯಮವನ್ನು ಪಾಲಿಸಿದರೂ ಹಿಂದಿನವರಿಗೆ ಅಪರಾಧಿಯಾಗುವನು. ಆದುದರಿಂದ ವಿನೋದಕ್ಕಾಗಿ ಆಡುವವರು ಈ ವಿಧಿಯನ್ನು ಬಿಟ್ಟುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ; ಪರರ ಕಾಲವನ್ನು ವ್ಯರ್ಥಮಾಡಬಾರದೆಂಬ ದಾಕ್ಷಿಣ್ಯವೂ ಸೇರಿದ್ದಿತು.

೨೦೧೯ರಲ್ಲಿ ಜಾರಿಗೆ ಬಂದ ಪರಿಷ್ಕಾರವು ಈ ಆಚಾರವನ್ನು ಗಮನಕ್ಕೆ ತಂದುಕೊಂಡಿತು. ಮೂವತ್ತನಾಲ್ಕು ನಿಯಮಗಳು ಇಪ್ಪತ್ತನಾಲ್ಕಾದುವು. ಚೆಂಡನ್ನು ಹುಡುಕುವುದಕ್ಕಿದ್ದ ಐದು ನಿಮಿಷಗಳ ಅವಧಿಯು ಮೂರು ನಿಮಿಷಗಳಿಗೆ ಇಳಿಯಿತು. ಹಸಿರುಹಾಸಿನ ಮೇಲೆ ಅಕಸ್ಮಾತ್ತಾಗಿ ಚೆಂಡು ಕದಲಿದರೆ ದಂಡವಿಲ್ಲವೆಂದಾಯಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ಕ್ಲಬ್ಬುಗಳು ಬೇಕಾದರೆ ಅಂಗೀಕರಿಸಬಹುದಾದ ಸ್ಥಳನಿಯಮವೊಂದನ್ನು ಕೊಟ್ಟರು: ಕಳೆದ ಚೆಂಡಿಗಾಗಿ ಹಿಂದಕ್ಕೆ ಹೋಗದೆ, ಅದು ಕಳೆದ ಎಡೆಯ ಬಳಿಯಲ್ಲಿ ಮತ್ತೊಂದನ್ನು ಹಾಕಿಕೊಂಡು, ಎರಡು ಹೊಡೆತಗಳ ದಂಡದೊಡನೆ ಮುಂದುವರಿಯಬಹುದು. ಉನ್ನತಮಟ್ಟದ ಪಂದ್ಯಗಳಿಗೆ ಇದು ಉದ್ದೇಶಿತವಲ್ಲ, ಸಾಮಾನ್ಯರ ಆಟಕ್ಕಾಗಿ ಇರುವುದು.

ಈ ಸ್ಥಳನಿಯಮದ ರಚನೆಯನ್ನು ವಿಮರ್ಶಿಸಿದರೆ ಶಾಸ್ತ್ರಕಾರರ ನೀತಿಯು ತಿಳಿಯುವುದು. ಮುಂದೆಯೇ ಚೆಂಡನ್ನು ಹಾಕಿಕೊಳ್ಳುವ ಜನರ ರೂಢಿಯನ್ನು ಅವರು ಒಪ್ಪಿದರು. ದಂಡವಿಲ್ಲದೆಯೋ ಒಂದೇ ಹೊಡೆತದ ದಂಡದಿಂದಲೋ ಅದನ್ನು ಮುಗಿಸುವ ರೂಢಿಯನ್ನು ಒಪ್ಪಲಿಲ್ಲ. ಹಿಂದಕ್ಕೆ ಹೋಗಿ ಒಂದು ದಂಡದೊಡನೆ ಮತ್ತೆ ಹೊಡೆದಿದ್ದರೆ ಎಷ್ಟು ಹೊಡೆತಗಳಾಗುತ್ತಿದ್ದುವೋ ಸುಮಾರು ಅಷ್ಟೇ ಆಗುವಂತೆ ಎರಡು ಹೊಡೆತಗಳನ್ನು ಗೊತ್ತುಮಾಡಿದರು. ನಡಿಗೆಯ ಶ್ರಮವನ್ನು ಉಳಿಸಿ, ಲೆಕ್ಕವನ್ನು ಮಾತ್ರ ಕಾಪಾಡಿದರು.

ಹಾಗೆಂದು ಆಟಗಾರರು ತಮ್ಮೊಳಗೆ ಯಾವ ನಿಯಮವನ್ನಾದರೂ ಬಿಡಬಹುದೆಂದು ನಿಯಮಾವಳಿಯು ಹೇಳುವುದಿಲ್ಲ. ಅನ್ವಯಿಸುವುದೆಂದು ತಿಳಿದಿರುವ ನಿಯಮವನ್ನಾಗಲಿ ದಂಡವನ್ನಾಗಲಿ ಬಿಟ್ಟುಬಿಡಲು ಇಬ್ಬರು ಒಪ್ಪಿಕೊಂಡರೆ, ಅವರಲ್ಲೊಬ್ಬನು ಆಟವನ್ನು ಆರಂಭಿಸಿದ್ದ ಪಕ್ಷದಲ್ಲಿ, ಒಪ್ಪಿದುದನ್ನು ಆಚರಿಸುವುದಕ್ಕೆ ಮುಂಚೆಯೇ ಇಬ್ಬರೂ ಪಂದ್ಯದಿಂದ ಬಹಿಷ್ಕೃತರಾಗುವರು. ಇಬ್ಬರ ಒಡಂಬಡಿಕೆಯಾಗಿ ಹುಟ್ಟಿದ ಶಾಸ್ತ್ರವೇ ಇಬ್ಬರ ಒಡಂಬಡಿಕೆಯನ್ನು ಇಷ್ಟು ಬಿಗಿಯಾಗಿ ನಿಷೇಧಿಸುವುದೇಕೆಂಬ ಪ್ರಶ್ನೆಗೆ ಉತ್ತರವು ಅಂಕದ ಚರಿತ್ರೆಯಲ್ಲಿದೆ.

೬

ಬಲಹೀನನೂ ಬಲಶಾಲಿಯೂ ಸಮವಾಗಿ ಆಡುವಂತೆ, ಬಲಹೀನನಿಗೆ ಕೆಲವು ಹೊಡೆತಗಳನ್ನು ವಿನಾಯಿತಿಯಾಗಿ ಕೊಡುವ ಪದ್ಧತಿಗೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ೧೮೯೩ರಲ್ಲಿ ಸ್ಥಾಪಿತವಾದ ಮಹಿಳೆಯರ ಗಾಲ್ಫ್ ಸಂಘವು, ಇಸೆಟ್ ಪಿಯರ್ಸನ್ ಎಂಬಾಕೆಯ ಪ್ರಯತ್ನದಿಂದ, ಬೇರೆ ಬೇರೆ ಕ್ಲಬ್ಬುಗಳಿಗೆ ಸಮಾನವಾಗಿ ಸಲ್ಲುವ ಹ್ಯಾಂಡಿಕ್ಯಾಪನ್ನು ರೂಪಿಸುವುದರಲ್ಲಿ ಅಗ್ರಸ್ಥಾನವನ್ನು ಪಡೆಯಿತು. ೨೦೨೦ರಲ್ಲಿ ಆರಂಭವಾದ ಜಾಗತಿಕ ಪದ್ಧತಿಯು ಇದರ ದೂರದ ಪರಿಣಾಮವೆನ್ನಬಹುದು. ಇದರಲ್ಲಿ ಪಂದ್ಯದ ಅಂಕಗಳಷ್ಟೇ ಅಲ್ಲದೆ, ಸ್ನೇಹಿತರೊಡನೆ ಆಡಿದ ಆಟದ ಅಂಕಗಳೂ ಲೆಕ್ಕಕ್ಕೆ ಬರಬಹುದಾಗಿದೆ.

ವಿನೋದಕೂಟದ ರಿಯಾಯಿತಿಯು ಸ್ವಂತ ವಿಷಯವಾಗಿ ಉಳಿಯದಿರುವುದು ಇಲ್ಲಿಯೇ. ಮಲ್ಲಿಗನ್‌ಗಳನ್ನೂ ಎತ್ತಿಕೊಂಡ ಚೆಂಡುಗಳನ್ನೂ ಬಿಟ್ಟು ಕಡಮೆ ಅಂಕವನ್ನು ಬರೆಯುವವನು ತನ್ನ ಶಕ್ತಿಗೆ ಮೀರಿದ ಹ್ಯಾಂಡಿಕ್ಯಾಪನ್ನು ಸಂಪಾದಿಸಿ, ಪಂದ್ಯದಲ್ಲಿ ತಾನೂ ಸೋಲುವನು, ತನ್ನ ಜೊತೆಗಾರನನ್ನೂ ಸೋಲಿಸುವನು. ಬೇಕೆಂದು ಹೆಚ್ಚು ಅಂಕವನ್ನು ಬರೆಯುವವನು ಹೆಚ್ಚು ವಿನಾಯಿತಿಯನ್ನು ಪಡೆದು, ಎಂದೂ ನೋಡದಿರುವವರ ಬಹುಮಾನವನ್ನು ಅಪಹರಿಸುವನು. ೨೦೧೬ರಿಂದ ಅಮೆರಿಕದ ಸಂಘವು ಒಬ್ಬಂಟಿಯಾಗಿ ಆಡಿದ ಆಟದ ಅಂಕವನ್ನು ಹ್ಯಾಂಡಿಕ್ಯಾಪಿಗೆ ಸ್ವೀಕರಿಸದಿರುವುದು ಈ ಕಾರಣದಿಂದಲೇ. ಜಾಗತಿಕ ಪದ್ಧತಿಯು ಮತ್ತೊಂದು ವಿವೇಕವನ್ನೂ ತೋರಿಸಿದೆ. ಕುಳಿಯನ್ನು ಮುಗಿಸದೆ ಚೆಂಡನ್ನು ಎತ್ತಿಕೊಂಡವನು ಅದನ್ನು ಮರೆಮಾಡಬೇಕಾಗಿಲ್ಲ. ಮುಗಿಸಿದ್ದರೆ ಎಷ್ಟು ಹೊಡೆತಗಳಾಗುತ್ತಿದ್ದುವೆಂದು ಯುಕ್ತವಾಗಿ ಊಹಿಸಿ ಬರೆಯಬಹುದು. ಒಂದೊಂದು ಕುಳಿಗೂ ಇಷ್ಟಕ್ಕಿಂತ ಹೆಚ್ಚು ಬರೆಯಬೇಕಾಗಿಲ್ಲವೆಂಬ ಮಿತಿಯೂ ಉಂಟು. ವಿನೋದದ ಆಟಕ್ಕೆ ಅವಕಾಶವನ್ನು ಕೊಟ್ಟು, ಅಂಕವನ್ನು ಸತ್ಯಕ್ಕೆ ಸಮೀಪವಾಗಿರಿಸುವ ಉಪಾಯವಿದು.

ಗಾಲ್ಫಿನ ಪ್ರಾಮಾಣಿಕತೆಗೆ ದೃಷ್ಟಾಂತವಾಗಿ ಎಲ್ಲರೂ ಹೇಳುವ ಕಥೆಯು ಬಾಬಿ ಜೋನ್ಸನದು. ಕೊನೆಯವರೆಗೂ ಹವ್ಯಾಸಿಯಾಗಿಯೇ ಆಡಿದ ಈತನು ೧೯೨೫ರಲ್ಲಿ ವೂಸ್ಟರಿನಲ್ಲಿ ನಡೆದ ಅಮೆರಿಕದ ಓಪನ್ ಪಂದ್ಯದ ಮೊದಲ ಸುತ್ತಿನಲ್ಲಿ, ಹೊಡೆಯುವುದಕ್ಕೆ ಮುಂಚೆ ತನ್ನ ಚೆಂಡು ಅಲುಗಿತೆಂದು ತಾನೇ ಹೇಳಿ, ಬೇರಾರೂ ಕಾಣದಿದ್ದ ಆ ದೋಷಕ್ಕೆ ಒಂದು ಹೊಡೆತದ ದಂಡವನ್ನು ತೆತ್ತನು. ಪಂದ್ಯದ ಕೊನೆಯಲ್ಲಿ ವಿಲಿ ಮ್ಯಾಕ್‌ಫರ್ಲೇನನೊಡನೆ ೨೯೧ ಹೊಡೆತಗಳಿಗೆ ಸಮನಾಗಿ, ಮರುಪಂದ್ಯದ ಮೊದಲ ಸುತ್ತಿನಲ್ಲಿ ಮತ್ತೆ ಸಮನಾಗಿ, ಎರಡನೆಯದರಲ್ಲಿ ೭೩ಕ್ಕೆ ೭೨ರಂತೆ ಒಂದೇ ಹೊಡೆತದಿಂದ ಸೋತನು. ಆ ದಂಡವಿಲ್ಲದಿದ್ದರೆ ಮರುಪಂದ್ಯವೇ ಬೇಕಾಗುತ್ತಿರಲಿಲ್ಲ. ತನ್ನನ್ನು ಹೊಗಳಿದವರಿಗೆ ಆತನು, ಬ್ಯಾಂಕನ್ನು ದೋಚದಿದ್ದುದಕ್ಕಾಗಿ ಒಬ್ಬನನ್ನು ಹೊಗಳಿದಂತಾಯಿತೆಂಬ ಅರ್ಥದಲ್ಲಿ ಉತ್ತರಕೊಟ್ಟನೆಂದು ಪ್ರಸಿದ್ಧಿಯುಂಟು.

ಈ ದೃಷ್ಟಾಂತವನ್ನು ವಿನೋದಕೂಟದವರಿಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಜೋನ್ಸನು ಆಡುತ್ತಿದ್ದುದು ಎಣಿಕೆಪಂದ್ಯ. ಆ ಒಂದು ಹೊಡೆತಕ್ಕೆ ಬಯಲಿನಲ್ಲಿದ್ದ ಎಲ್ಲರೂ ಹಕ್ಕುದಾರರು. ಭಾನುವಾರ ಸಂಜೆ ಸ್ನೇಹಿತನ ಚೆಂಡನ್ನು ಎತ್ತಿಕೊಳ್ಳೆಂದು ಹೇಳುವವನು ಯಾರ ಹಕ್ಕನ್ನೂ ಕಸಿಯುವುದಿಲ್ಲ. ಅದೇ ಸ್ನೇಹಿತನು ಪೊದೆಯ ಮರೆಯಲ್ಲಿ ಯಾರೂ ಕಾಣದಂತೆ ಚೆಂಡನ್ನು ಕಾಲಿನಿಂದ ಸರಿಸಿದರೆ, ಪಂದ್ಯವು ಎಷ್ಟೇ ಚಿಕ್ಕದಾಗಿರಲಿ, ೧೭೪೪ರಲ್ಲಿ ಬರೆದ ಪ್ರಾಮಾಣಿಕತೆಯ ಮಾತು ಮುರಿಯುವುದು. ಎರಡರಲ್ಲಿಯೂ ನಿಯಮವು ಸಡಿಲವಾಗಿದೆ. ಮೊದಲನೆಯದರಲ್ಲಿ ಜೊತೆಗಾರನಿಗೆ ತಿಳಿದಿದೆ, ಎರಡನೆಯದರಲ್ಲಿ ತಿಳಿದಿಲ್ಲ.

೭

ಮೇಲಣ ವಿಚಾರದಿಂದ ನಿಷ್ಪನ್ನವಾಗುವುದನ್ನು ಹೀಗೆ ಸಂಗ್ರಹಿಸಬಹುದು. ವಿನೋದದ ಆಟವು ಲಿಖಿತ ನಿಯಮಕ್ಕಿಂತ ಹಳೆಯದು. ಆದುದರಿಂದ ಅದನ್ನು ನಿಯಮದ ಭ್ರಷ್ಟರೂಪವೆನ್ನಲಾಗದು. ಲಿಖಿತ ನಿಯಮವು ಅಪರಿಚಿತರ ಪಂದ್ಯಕ್ಕಾಗಿ ಹುಟ್ಟಿತು. ಅಂಕಗಳು ಊರಿಂದೂರಿಗೆ ಸಲ್ಲತೊಡಗಿದಂತೆ ಅದರ ವ್ಯಾಪ್ತಿಯೂ ಹಿಗ್ಗಿತು. ಸ್ಟೈಮಿಯಲ್ಲಿಯೂ ಕಳೆದ ಚೆಂಡಿನಲ್ಲಿಯೂ ಕಾಣುವಂತೆ, ಬಹುಜನರು ಬಹುಕಾಲ ಬಹಿರಂಗವಾಗಿ ಆಚರಿಸಿದುದನ್ನು ಶಾಸ್ತ್ರವು ಕಡೆಗೆ ವಿಚಾರಕ್ಕೆ ತಂದುಕೊಂಡಿತು, ತನ್ನ ತೂಕಕ್ಕೆ ತಂದು ಅಂಗೀಕರಿಸಿತು. ಗುಟ್ಟಾಗಿ ಮಾಡಿದುದನ್ನು ಮಾತ್ರ ಅದು ಯಾವ ಕಾಲದಲ್ಲಿಯೂ ಅಂಗೀಕರಿಸಲಿಲ್ಲ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರಗಳನ್ನು ಮಾಡಿದನು. ಹಾಗೆಂದು ಕಂಡ ಪ್ರಯೋಗಗಳೆಲ್ಲವೂ ಅವನಿಗೆ ಸಾಧುವಾಗಲಿಲ್ಲ. ಗಾಲ್ಫಿನ ನಿಯಮಕಾರರ ಮಾರ್ಗವೂ ಇದಕ್ಕೆ ಬಹು ದೂರವಾದುದಲ್ಲ. ಸ್ನೇಹಿತರ ಕೂಟದಲ್ಲಿ ನಿಯಮವನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕೆಂದು ಕೇಳುವವನು, ಈ ರಿಯಾಯಿತಿಯು ಜೊತೆಗಾರರಿಗೆಲ್ಲ ತಿಳಿದಿದೆಯೇ, ಇದರ ಅಂಕವು ಕೂಟದ ಹೊರ‍ಗಣ ಯಾರಿಗಾದರೂ ತಗಲುವುದೇ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಇತ್ಯರ್ಥಮಾಡಿಕೊಳ್ಳಬೇಕು. ಆ ಮೇಲೆ ಉಳಿಯುವ ಸಂದೇಹಕ್ಕೆ ಸಮಾಧಾನವು ೧೭೪೪ರ ಹದಿಮೂರು ವಾಕ್ಯಗಳಲ್ಲಿಯೇ ದೊರೆಯುವುದು.